ಅಳಿಸಿದ ಜಲಪಾತ

"ನಿಮ್ಮೂರಿನ ಹಳ್ಳ ಯಾವ ದಿಕ್ಕಿಗೆ ಹರಿಯುತ್ತೆ?"

ಅವರು ನನ್ನೊಡನೆ ಆಡಿದ ಮೊದಲ ಮಾತು ಇದು. ನಾನು ಆಗಷ್ಟೇ ರಾಣೆಬೆನ್ನೂರಿನಿಂದ ದೆಹಲಿಗೆ ಬಂದಿದ್ದೆ. ಕೆಲಸ ಗುರ್‌ಗಾಂವ್‌ನಲ್ಲಿ, ವಾಸ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಚಿಕ್ಕಪ್ಪನ ಮನೆಯಲ್ಲಿ. ಅವರು ಅದೇ ಬ್ಲಾಕಿನ ಮೇಲಿನ ಮನೆಯವರು. ಚಿಕ್ಕಮ್ಮ ಕೊಟ್ಟ ಹೆಪ್ಪಿನ ಬಟ್ಟಲು ಹಿಡಿದು ಬಾಗಿಲು ತಟ್ಟಿದ ನನಗೆ ಒಳಗೆ ಬಾ ಎನ್ನುವುದಕ್ಕೂ ಮೊದಲೇ ಈ ಪ್ರಶ್ನೆ.

"ಗೊತ್ತಿಲ್ಲ ಮೇಡಂ. ತುಂಗಭದ್ರೆಗೆ ಸೇರುತ್ತಂತೆ" ಎಂದೆ.

"ಅಂತೆ ಬೇಡ. ನೋಡಿದ್ದೀಯಾ?"

ನೋಡಿರಲಿಲ್ಲ. ಅಂದೇ ಸಂಜೆ ಅಮ್ಮನಿಗೆ ಫೋನ್ ಮಾಡಿ ವಿಚಾರಿಸಿದೆ. ಅಮ್ಮನಿಗೂ ಗೊತ್ತಿರಲಿಲ್ಲ, ದೆಹಲಿಗೆ ಹೋದ ಮಗಳು ಹಳ್ಳದ ಚಿಂತೆ ಹಚ್ಚಿಕೊಂಡಿದ್ದಾಳೆಂದು ಅವಳಿಗೆ ಗಾಬರಿಯಾಯಿತು.

ಹೋದ ತಿಂಗಳು ಮೈಸೂರಿನಲ್ಲಿ ಅವರು ತೀರಿಕೊಂಡರೆಂದು ಅವರ ತಂಗಿ ತಿಳಿಸಿದರು. ಊರಿಗೆ ಮರಳಿ ಬಹಳ ವರ್ಷ ನೆಮ್ಮದಿಯಾಗಿಯೇ ಇದ್ದರಂತೆ. ಈ 'ಅಂತೆ'ಯನ್ನು ಅವರು ಒಪ್ಪುತ್ತಿರಲಿಲ್ಲ. ಆದ್ದರಿಂದ ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಅವರು ನಕ್ಷೆ ತಯಾರಿಸುವ ಒಂದು ಸರ್ಕಾರಿ ಕಚೇರಿಯಲ್ಲಿದ್ದರು. ಗುಡ್ಡ, ಕಣಿವೆ, ನದಿಗಳನ್ನು ಅಳೆಯುವವರು ಬೇರೆ; ಅವರು ಹೊಲಗದ್ದೆ ಸುತ್ತಿ, ಡೇರೆ ಹಾಕಿ, ಗುರುತು ಮಾಡಿ ತಂದ ಹಾಳೆಗಳನ್ನು ನೋಡಿ ಅಚ್ಚಿಗೆ ಹೋಗುವಂತೆ ಚೊಕ್ಕವಾಗಿ ಬರೆಯುವುದು ಇವರ ಕೆಲಸ. ಹುದ್ದೆಯ ಹೆಸರು ಡ್ರಾಫ್ಟ್ಸ್‌ಮನ್. "ಹೆಂಗಸಾಗಿ ಸೇರಿದೆ, ಮ್ಯಾನ್ ಆಗಿ ರಿಟೈರ್ ಆಗ್ತೀನಿ" ಎಂದು ನಗುತ್ತಿದ್ದರು. ಹಿಮಾಲಯದ ಹಿಮನದಿಗಳನ್ನು ಬರೆದವರು ಶಿಮ್ಲಾ ನೋಡಿರಲಿಲ್ಲ. ಕಚ್ಛದ ಉಪ್ಪಿನ ಬಯಲು ಬರೆದವರು ಗುಜರಾತಿಗೆ ಕಾಲಿಟ್ಟಿರಲಿಲ್ಲ. ಮದುವೆಯಾಗಿರಲಿಲ್ಲ, ಹಾಸಿಗೆ ಹಿಡಿದಿದ್ದ ತಾಯಿಯನ್ನು ಅವರ ಕೊನೆಯವರೆಗೂ ಆ ಮನೆಯಲ್ಲೇ ನೋಡಿಕೊಂಡಿದ್ದರು. ಹೀಗಾಗಿ ಊರೂರು ಸುತ್ತುವ ಆಸೆಯನ್ನೆಲ್ಲ ಪ್ರಶ್ನೆಗಳಲ್ಲೇ ತೀರಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ಆಟೋದವನು ಬಿಹಾರದವನೆಂದರೆ ಅವನ ಹಳ್ಳಿಗೆ ಪ್ರವಾಹದ ನೀರು ಯಾವ ಮೂಲೆಯಿಂದ ನುಗ್ಗುತ್ತದೆಂದು ಕೇಳಬೇಕು. ಅಂಚೆಯವನು ಗಢವಾಲದವನೆಂದರೆ ಅವನ ಮನೆಗೆ ಬೆಳಗಿನ ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತದೆಂದು ಕೇಳಬೇಕು. ಎಲ್ಲರೂ ಖುಷಿಯಿಂದ ಉತ್ತರಿಸುತ್ತಿದ್ದರು. ತರಕಾರಿ ಗಾಡಿಯ ಭಯ್ಯಾ ಅವರಿಗೆ 'ನಕ್ಷೇವಾಲೀ ಮೇಡಂ' ಎಂದೇ ಹೆಸರಿಟ್ಟಿದ್ದ.

ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಮೇಲೆ ಕರೆದರು. ನಾನು ಹೋದಾಗ ಪಕ್ಕದ ಮನೆಯ ಪೂಜಾ ಆಗಲೇ ಅಲ್ಲಿದ್ದಳು. ದೆಹಲಿಯಲ್ಲೇ ಹುಟ್ಟಿದ ಕಾಲೇಜು ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆಡುವಾಗ ಅರ್ಧದಲ್ಲಿ ಹಿಂದಿಗೆ ಜಾರುತ್ತಿದ್ದಳು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಕೋಲಾರದ ಇಮ್ರಾನ್‌ನನ್ನೂ ಕರೆದುಕೊಂಡು ಬಾ ಎಂದಿದ್ದರು. ಅವನ ಹತ್ತಿರ ಕಾರಿತ್ತು ಎನ್ನುವುದೇ ಅದಕ್ಕೆ ಕಾರಣ, ಅದನ್ನು ಅವರು ಮುಚ್ಚಿಡಲೂ ಇಲ್ಲ.

ವರಾಂಡದ ನೆಲದ ತುಂಬ ರಂಗೋಲಿ ಹಾಕಿದ್ದರು. ಚುಕ್ಕಿ ಇಲ್ಲ, ಹೂವಿಲ್ಲ. ಒಂದರೊಳಗೊಂದು ಸೊಟ್ಟಸೊಟ್ಟ ಬಳೆಗಳಂತೆ ಗೆರೆಗಳು.

"ಇದೇನು ಆಂಟಿ, ಡಿಸೈನ್ ಅಚ್ಛಾ ಹೈ" ಎನ್ನುತ್ತ ಪೂಜಾ ಒಂದು ಗೆರೆ ದಾಟಿದಳು.

"ಹುಷಾರು, ಗುಡ್ಡ ತುಳೀತಿದ್ದೀಯ" ಎಂದರು ಅವರು.

ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಗಳಲ್ಲಿ ಬರೆದ ಅರಾವಳಿಯ ಒಂದು ಸಾಲು ಅದು. ಸೋಹ್ನಾ, ನೂಹ್ ದಾಟಿ ಅಲ್ವರ್ ಕಡೆಗೆ ಹೋಗುವ ರಸ್ತೆಯ ಬಲಕ್ಕೆ ಬರುವ ಗುಡ್ಡಗಳು. ಕಚೇರಿಯ ಹಾಳೆ ಮನೆಗೆ ತರುವಂತಿರಲಿಲ್ಲ. ತಾವು ಹುಡುಗಿಯಾಗಿದ್ದಾಗ ಬರೆದದ್ದನ್ನು ಅವರು ನೆನಪಿನಿಂದಲೇ ನೆಲಕ್ಕಿಳಿಸಿದ್ದರು. ಎರಡು ಗುಡ್ಡಗಳ ನಡುವೆ ನೀಲಿ ಪುಡಿಯಲ್ಲಿ ಎಳೆದ ತೊರೆಯನ್ನು ತೋರಿಸಿ, ಅದರ ಒಂದು ತಾವಿನಲ್ಲಿ ಬೆರಳಿಟ್ಟರು.

"ಇಲ್ಲಿ ಒಂದು ಜಲಪಾತ ಇದೆಯೋ ಇಲ್ಲವೋ ನೋಡಬೇಕು. ಬೆಳಿಗ್ಗೆ ಹೋಗಿ ಸಂಜೆಗೆ ಬರೋದು. ಬರ್ತೀರಾ?"

"ಮೇಡಂ, ಅರಾವಳೀಲಿ ಎಂಥ ಜಲಪಾತ? ಅಲ್ಲಿ ಕುಡಿಯೋಕೇ ನೀರಿಲ್ಲ" ಎಂದ ಇಮ್ರಾನ್.

"ಎಲ್ಲರೂ ಹಾಗೇ ಅಂದರು. ನಮ್ಮ ಸಾಹೇಬರೂ ಹಾಗೇ ಅಂದರು."

ಆಮೇಲೆ ಅವರು ಹೇಳಿದ ಕಥೆ ಇಷ್ಟು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಸರ್ವೇಯರ್, ಇವರಷ್ಟೇ ವಯಸ್ಸಿನ ಹುಡುಗ, ಆ ಗುಡ್ಡಗಳ ಹಾಳೆ ತಂದ. ಅದರಲ್ಲಿ ತೊರೆಗೆ ಅಡ್ಡಲಾಗಿ ಒಂದು ಪುಟ್ಟ ಗೀಟಿತ್ತು, ಜಲಪಾತದ ಗುರುತು. ಇವರು ಅದನ್ನು ನೀಲಿ ಮಸಿಯಲ್ಲಿ ಬರೆದರು. ಮೇಲಿನವರಿಗೆ ಅನುಮಾನ ಬಂತು. ಬೇಸಿಗೆಯಲ್ಲಿ ಒಬ್ಬರು ಹೋಗಿ ಒಣ ಬಂಡೆ ನೋಡಿ ಬಂದರು. ಹುಡುಗ ಗುಡ್ಡ ಹತ್ತದೆ ಡೇರೆಯಲ್ಲಿ ಕೂತು ಕಟ್ಟುಕತೆ ಬರೆದಿದ್ದಾನೆಂದು ಅವನಿಗೆ ಮೆಮೋ ಹೋಯಿತು. ಅವನು ವಾದ ಮಾಡಲಿಲ್ಲ, ಕೆಲಸ ಬಿಟ್ಟು ಹೋದ. ಗುರುತು ತೆಗೆದುಹಾಕು ಎಂದು ಇವರಿಗೆ ಹೇಳಿದರು.

"ಆಗ ಮಸಿ ಬ್ಲೇಡಿನಲ್ಲಿ ಕೆರೆದು ತೆಗೀತಿದ್ವಿ. ಬ್ಲೇಡಿನ ಮೂಲೆ ಹೀಗೆ ಒಂದು ಸಲ ಆಡಿಸಿದೆ, ಹೋಯ್ತು. ಅಷ್ಟು ಸುಲಭ" ಎಂದರು.

"ಅವರು ನಿಮಗೆ ಬೇಕಾದವರಾಗಿದ್ರಾ ಆಂಟಿ? ಮತ್‌ಲಬ್..." ಪೂಜಾ ಕಣ್ಣರಳಿಸಿದಳು.

"ಅವನ ಹತ್ತಿರ ಒಂದೇ ಸಲ ಮಾತಾಡಿದ್ದು. ಈ ಹಳ್ಳಿ ಹೆಸರಿನ ಕಾಗುಣಿತ ಹೇಗೆ ಅಂತ ಕೇಳಿದ್ದೆ."

"ಮತ್ತೆ ಯಾಕೆ ಇಷ್ಟು ವರ್ಷ ಹೋಗಲಿಲ್ಲ?" ಎಂದು ನಾನು ಕೇಳಿದೆ.

"ಮೊದಲು ಜೊತೆಗೆ ಯಾರೂ ಇರಲಿಲ್ಲ. ಆಮೇಲೆ ಅಮ್ಮನ್ನ ಬಿಟ್ಟು ಹೋಗೋ ಹಾಗಿರಲಿಲ್ಲ." ರಂಗೋಲಿ ಪುಡಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡರು. "ಹೆದರಿಕೇನೂ ಇತ್ತು ಅನ್ನು. ಜಲಪಾತ ಇಲ್ಲದಿದ್ದರೆ ಪರವಾಗಿಲ್ಲ. ಇದ್ದುಬಿಟ್ಟರೆ?"

ಅದು ದೆಹಲಿಯಲ್ಲಿ ಅವರ ಕೊನೆಯ ಮಳೆಗಾಲ. ಮಳೆ ಮುಗಿಯುವ ಹೊತ್ತಿಗೆ ನಿವೃತ್ತಿ, ಕ್ವಾರ್ಟರ್ಸ್ ಖಾಲಿ ಮಾಡಿ ಮೈಸೂರಿಗೆ ತಂಗಿಯ ಮನೆಗೆ. ನಾವು ಒಪ್ಪಿಕೊಂಡೆವು.

ಜಲಪಾತಕ್ಕೆ ಹೋಗುವುದೆಂದರೆ ಪುಳಿಯೋಗರೆ ಕಟ್ಟಿಕೊಂಡು ಕಾರು ಹತ್ತುವುದು ಎಂದುಕೊಂಡಿದ್ದೆ. ಅವರ ಯೋಜನೆಯಲ್ಲಿ ಪುಳಿಯೋಗರೆ ಕೊನೆಗೆ ಬರುತ್ತಿತ್ತು. ಮೊದಲನೆಯದು ಮಳೆ. ಅಂಥ ಗುಡ್ಡದಲ್ಲಿ ನೀರು ಬಿದ್ದರೂ ಜೋರು ಮಳೆಯಾದ ಮರುದಿನ, ಹೆಚ್ಚೆಂದರೆ ಅದರ ಮರುದಿನ, ಆಮೇಲೆ ಇಲ್ಲ. ದೆಹಲಿಯಲ್ಲಿ ಮಳೆಯಾದರೆ ಅಲ್ಲಿ ಆಗಬೇಕೆಂದಿಲ್ಲ. ಅಲ್ಲಿ ಆದದ್ದು ನಮಗೆ ತಿಳಿಯುವುದು ಹೇಗೆ?

ದಾರಿ ಸಿಕ್ಕಿದ್ದು ತರಕಾರಿ ಭಯ್ಯಾನಿಂದ. ಅವನು ಆ ಕಡೆಯವನು. ಗುಡ್ಡದ ಬುಡದ ಹಳ್ಳಿಯಲ್ಲಿ ಅವನ ನೆಂಟ ಹಾಮಿದ್ ಎಂಬವನು ಎಸ್‌ಟಿಡಿ ಬೂತ್ ಇಟ್ಟಿದ್ದ. ಅಂದಿನಿಂದ ದಿನಾ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಅವರು ಹಾಮಿದ್‌ನಿಗೆ ಫೋನ್ ಮಾಡುತ್ತಿದ್ದರು. "ಬಾರಿಶ್ ಹುಯೀ?" ಮಳೆ ಬಂತೇ ಎಂದಷ್ಟೇ. ಅಲ್ಲಿಂದ "ನಹೀಂ ಮೇಡಂ" ಎಂದು ಉತ್ತರ. ಮುಗಿಯಿತು. ಕೆಲವು ದಿನಗಳಲ್ಲಿ ಮಾತು ಬೆಳೆಯಿತು. ಅವನ ಎಮ್ಮೆ ಕರು ಹಾಕಿದ್ದು, ಬೂತಿನ ಮಾಡು ಸೋರುವುದು, ಎಲ್ಲವೂ ನಮ್ಮ ಬ್ಲಾಕಿಗೆ ಗೊತ್ತಾಯಿತು.

"ಅವನ ಹತ್ತಿರಾನೇ ಕೇಳಿಬಿಡಿ ಮೇಡಂ, ಅಲ್ಲಿ ಜಲಪಾತ ಇದೆಯಾ ಅಂತ" ಎಂದ ಇಮ್ರಾನ್ ಒಮ್ಮೆ.

ಅವರು ಗಾಬರಿಯಾದರು. "ಬೇಡ ಬೇಡ. ಒಳ್ಳೆ ಮನುಷ್ಯ, ನನ್ನ ಸಂತೋಷಕ್ಕೆ ಇದೆ ಅಂದುಬಿಡ್ತಾನೆ. ಇಲ್ಲ ಅಂದರೂ ಅವನು ಮೇಲೆ ಹತ್ತಿ ನೋಡಿದ್ದಾನೆ ಅಂತ ಏನು ಗ್ಯಾರಂಟಿ? ನಾವೇ ನೋಡಬೇಕು."

ಎರಡು ಸಲ ಯೋಜನೆ ಕೈಕೊಟ್ಟಿತು. ಮೊದಲ ಸಲ ಶನಿವಾರ ಎಲ್ಲರೂ ಬೂಟು ಹಾಕಿಕೊಂಡು ನಿಂತಿದ್ದಾಗ ಹಾಮಿದ್ ಹನಿಯೂ ಬಿದ್ದಿಲ್ಲವೆಂದ. ಎರಡನೆಯ ಸಲ ಅಲ್ಲಿ ಎಷ್ಟು ಸುರಿದಿತ್ತೆಂದರೆ ರಸ್ತೆಯೇ ಮುಳುಗಿತ್ತು. ಆಗಸ್ಟ್ ಮುಗಿಯುತ್ತ ಬಂತು. ಅವರು ಮೆಟ್ಟಿಲ ಮೇಲೆ ಸಿಕ್ಕಾಗ ಆಕಾಶ ನೋಡುವುದನ್ನು ಬಿಟ್ಟಿದ್ದರು. "ಆಗದಿದ್ದರೆ ಬೇಡ ಬಿಡು" ಎಂದರು ಒಂದು ದಿನ. ಆ ದನಿ ನನಗೆ ಹಿಡಿಸಲಿಲ್ಲ.

ಆಮೇಲೊಂದು ಕೆಲಸದ ದಿನ, ನಾನು ಆಫೀಸಿನ ಕ್ಯಾಬ್ ಬರುವ ಹೊತ್ತೆಂದು ತಲೆ ಬಾಚಿಕೊಳ್ಳುತ್ತಿದ್ದಾಗ, ಅವರು ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸೀರೆಯ ಮೇಲೆ ಅದೆಲ್ಲಿಂದಲೋ ತಂದ ಮಳೆಕೋಟು ತೊಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಆಗಿದೆ. ನಿನ್ನೆ ಮಧ್ಯಾಹ್ನ ಶುರುವಾದದ್ದು ಈಗ ನಿಂತಿದೆಯಂತೆ. ರಸ್ತೆ ಇದೆ. ನಾಳೆಗೆ ನೀರಿರಲ್ಲ."

'ಅಂತೆ' ಎಂದು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಇಮ್ರಾನ್ ಹೊಟ್ಟೆನೋವೆಂದು ಮ್ಯಾನೇಜರಿಗೆ ಮೆಸೇಜ್ ಮಾಡಿದ, ನಾನು ತಲೆನೋವು ಆರಿಸಿಕೊಂಡೆ. ಪೂಜಾಗೆ ಯಾವ ನೋವೂ ಬೇಕಾಗಲಿಲ್ಲ, ಕಾಲೇಜಿಗೆ ಹಾಗೆಯೇ ಚಕ್ಕರ್ ಹೊಡೆದಳು.

ಹಾಮಿದ್ ರಸ್ತೆಗೇ ಬಂದು ನಿಂತಿದ್ದ. ಫೋನಿನಲ್ಲಿ ಜಬರ್ದಸ್ತಿನ ದನಿ ಕೇಳಿ ದೊಡ್ಡ ಅಧಿಕಾರಿಯನ್ನು ಕಲ್ಪಿಸಿಕೊಂಡಿದ್ದನೇನೋ, ಕಾರಿನಿಂದ ಇಳಿದ ಗಿಡ್ಡ ಹೆಂಗಸನ್ನು ನೋಡಿ "ಆಪ್ ಹೀ ಬಾರಿಶ್ ವಾಲೀ ಮೇಡಂ?" ಎಂದು ಎರಡು ಸಲ ಕೇಳಿದ. ಚಹಾ ಕುಡಿಸದೆ ಬಿಡಲಿಲ್ಲ. ಗುಡ್ಡದ ಕಡೆ ಕೈ ತೋರಿಸಿ, ಈಚೆ ಭಾಗದಲ್ಲಿ ಕಲ್ಲು ಗಣಿ ಇದೆ, ಬಳಸಿಕೊಂಡು ಹೋಗಿ ಎಂದ.

ಗಣಿ ಇದೆ ಎನ್ನುವುದು ಗೊತ್ತಾದದ್ದೇ ಆಗ. ಊರು ದಾಟಿ ಸ್ವಲ್ಪ ನಡೆದರೆ ಮೊದಲ ಗುಡ್ಡದ ಅರ್ಧ ಭಾಗ ಇರಲೇ ಇಲ್ಲ. ಕೇಕು ಕತ್ತರಿಸಿದಂತೆ ಕೆಂಪು ಗೋಡೆ, ಕೆಳಗೆ ಹಸಿರು ನೀರು ನಿಂತ ಹೊಂಡ. ಮಳೆಗೆ ಕೆಲಸ ನಿಂತಿತ್ತು, ಲಾರಿಯೊಂದು ಕೆಸರಲ್ಲಿ ಹೂತುಕೊಂಡಿತ್ತು. ಅವರು ಅಂಚಿನಲ್ಲಿ ನಿಂತು ಗಾಳಿಯಲ್ಲಿ ಬೆರಳಾಡಿಸಿದರು, ಇಲ್ಲದ ಗುಡ್ಡದ ಅಂಚನ್ನು ಎಳೆಯುತ್ತಿರುವಂತೆ.

"ಕಡಿದಾದ ಗುಡ್ಡ, ಇದರ ಗೆರೆಗಳು ತುಂಬ ಒತ್ತೊತ್ತಾಗಿದ್ದವು. ಒಂದಕ್ಕೊಂದು ಅಂಟಬಾರದು ಅಂತ ಉಸಿರು ಬಿಗಿ ಹಿಡಿದು ಬರೆದಿದ್ದೆ" ಎಂದರು.

ಆ ಗಣಿ ದಾಟಿದ ಮೇಲೆ ಕಾಡು. ನನಗೆ ಗೊತ್ತಿದ್ದ ಕಾಡಿನಂತಲ್ಲ. ಆಳೆತ್ತರದ ಮರಗಳು, ಸಣ್ಣ ಎಲೆ, ಮಳೆಗೆ ಆಗಷ್ಟೇ ಚಿಗುರಿ ಮಿಂಚುತ್ತಿದ್ದವು. ಎಲ್ಲಿಂದಲೋ ನವಿಲುಗಳು ಒಂದೇ ಸಮನೆ ಕೂಗುತ್ತಿದ್ದವು. ತೊರೆ ಸಿಕ್ಕಿತು; ಪಾದ ಮುಳುಗುವಷ್ಟು ಕೆಂಪು ನೀರು. ಅದನ್ನೇ ಹಿಡಿದು ಮೇಲೆ ನಡೆದೆವು. ಅವರ ಮಂಡಿ ಮೊದಲೇ ಸರಿಯಿರಲಿಲ್ಲ, ಒದ್ದೆ ಬಂಡೆಯ ಮೇಲೆ ಒಂದು ಸಲ ಜಾರಿ ಕುಳಿತೇಬಿಟ್ಟರು. "ಆಂಟಿ, ಸಂಭಾಲ್ ಕೆ! ನನ್ನ ಕೈ ಹಿಡೀರಿ" ಎಂದು ಪೂಜಾ ಓಡಿ ಬಂದಳು. ಎದ್ದವರು ಅಂಗೈಯ ತರಚು ಗಾಯ ನೋಡಿಕೊಳ್ಳುವುದು ಬಿಟ್ಟು ಬಂಡೆಯ ಬಣ್ಣ ನೋಡುತ್ತಿದ್ದರು.

ಎರಡು ಗುಡ್ಡ ಕೂಡುವ ತಾವಿಗೆ ಬಂದು ನಿಂತರು. "ಇಲ್ಲೇ."

ಅಲ್ಲಿ ಏನೂ ಇರಲಿಲ್ಲ. ಮೊಣಕಾಲೆತ್ತರದ ಒಂದು ಬಂಡೆ, ಅದರ ಮೇಲಿಂದ ನೀರು ಸುಮ್ಮನೆ ಜಾರುತ್ತಿತ್ತು. ಇದಕ್ಕೆ ಜಲಪಾತವೆನ್ನಲು ಮಗುವಿಗೂ ಸಾಧ್ಯವಿರಲಿಲ್ಲ. ಇಮ್ರಾನ್ ನನ್ನ ಮುಖ ನೋಡಿದ. ನಾನು ಅವರನ್ನು ನೋಡಿದೆ. ಅವರು ಬಂಡೆಯ ಮೇಲೆ ಕೂತು ಬೂಟಿನೊಳಗಿನ ನೀರು ಚೆಲ್ಲಿದರು.

"ಹಾಗಾದರೆ ಸರಿ" ಎಂದರು.

ಅದು ಸಮಾಧಾನವೋ ನಿರಾಸೆಯೋ ನನಗೆ ಇವತ್ತಿಗೂ ತಿಳಿಯದು. ಇಷ್ಟು ವರ್ಷದ ಭಾರ ಇಳಿಯಿತೆಂದು ಅವರ ಭುಜ ಸಡಿಲವಾದಂತೆ ಕಂಡಿತು. ಕಣ್ಣು ಮಾತ್ರ ನೀರನ್ನೇ ನೋಡುತ್ತಿತ್ತು. "ಆ ಹುಡುಗ ಸುಳ್ಳು ಬರೆದಿದ್ದ. ಪಾಪ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನಾವು ಪುಳಿಯೋಗರೆ ಬಿಚ್ಚಿದೆವು.

ಕ್ಯಾಮೆರಾ ಹಿಡಿದು ನವಿಲು ಹುಡುಕುತ್ತ ಮೇಲೆ ಹೋಗಿದ್ದ ಪೂಜಾ ಆಗ ಕೂಗಿದಳು.

"ಆಂಟೀ! ಇಧರ್! ಇಲ್ಲಿ ಬನ್ನಿ, ಜಲ್ದೀ!"

ಅವರು ಓಡಿದರು. ಮಂಡಿ ನೋವಿನ ಹೆಂಗಸು ತುತ್ತನ್ನು ಅಲ್ಲೇ ಬಿಟ್ಟು ನಮ್ಮಿಬ್ಬರಿಗಿಂತ ಮುಂದೆ ಓಡಿದರು. ತೊರೆ ಬಲಕ್ಕೆ ತಿರುಗುವಲ್ಲಿ, ಬಂಡೆಗಳ ಮರೆಯಲ್ಲಿ, ಗುಡ್ಡ ಒಳಕ್ಕೆ ಸರಿದು ಒಂದು ಬಾವಿಯಂತಾಗಿತ್ತು. ಅದರ ಮೇಲಂಚಿನಿಂದ ನೀರು ಬೀಳುತ್ತಿತ್ತು. ಬಹಳ ಎತ್ತರವಿಲ್ಲ, ನಮ್ಮ ಕ್ವಾರ್ಟರ್ಸಿನ ತಾರಸಿಯಷ್ಟು. ಬಿಳಿಯೂ ಅಲ್ಲ, ಚಹಾದ ಬಣ್ಣ. ಆದರೆ ಬೀಳುತ್ತಿತ್ತು; ನಡುವೆ ಎಲ್ಲೂ ಬಂಡೆಗೆ ತಾಗದೆ, ನೇರವಾಗಿ.

ಅವರು ನೀರಿನ ಕೆಳಗೆ ಕೈ ಚಾಚಿ ನಿಂತರು. ಮಳೆಕೋಟಿನ ತೋಳಿನಿಂದ ನೀರು ಒಳಗೆ ಹೋಗಿ ಸೀರೆಯೆಲ್ಲ ತೊಯ್ದರೂ ಕೈ ಹಿಂದೆಗೆಯಲಿಲ್ಲ. ಪಕ್ಕದ ಇಳಿಜಾರಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಇಬ್ಬರು ಹೆಂಗಸರು ನಮ್ಮನ್ನು ನೋಡಿ ನಗುತ್ತಿದ್ದರು. ಅವರನ್ನು ವಿಚಾರಿಸಲು ಮೇಡಂ ಮರೆಯಲಿಲ್ಲ. ಮಳೆಯಾದಾಗ ಬೀಳುತ್ತದೆ, ಎರಡು ದಿನಕ್ಕೆ ನಿಲ್ಲುತ್ತದೆ, ತಾವು ಮದುವೆಯಾಗಿ ಬಂದಾಗಿನಿಂದ ಹೀಗೇ ನೋಡುತ್ತಿದ್ದೇವೆ ಎಂದರು ಅವರು.

"ಬೇಸಿಗೇಲಿ ಬಂದರೆ ಒಣ ಬಂಡೆ" ಎಂದು ಮೇಡಂ ನಮ್ಮತ್ತ ತಿರುಗಿದರು. "ನಮ್ಮವರು ಬಂದು ನೋಡಿದ್ದೂ ನಿಜವೇ. ಆದರೆ ಅವನು ಕೆಲಸ ಬಿಟ್ಟು ಹೋದನಲ್ಲ." ಅಳುತ್ತಿದ್ದರೋ ನೀರಿನ ಹನಿಯೋ, ಮುಖವೆಲ್ಲ ಒದ್ದೆಯಾಗಿತ್ತು.

ಹಿಂದಿರುಗುವಾಗ ಕಾರಿನಲ್ಲಿ ಅವರು ಒಂದೇ ಮಾತು ಆಡಿದರು. "ಅವನನ್ನು ಹುಡುಕಬೇಕು."

ಹುಡುಕಿದರು. ಕಚೇರಿಯ ಹಳಬರನ್ನು, ಅವರಿಂದ ಅವರಿಗಿಂತ ಹಳಬರನ್ನು ಕೇಳುತ್ತ ಹೋದರು. ಅಷ್ಟರಲ್ಲಿ ನಿವೃತ್ತಿಯೂ ಆಯಿತು. ಕಚೇರಿಯವರು ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮನೆಯಲ್ಲಿ ಗಂಟು ಮೂಟೆ ಕಟ್ಟುತ್ತಿದ್ದಾಗ ಹಳೆಯ ಸಹೋದ್ಯೋಗಿಯೊಬ್ಬರಿಂದ ನಂಬರು ಸಿಕ್ಕಿತು. ಆ ಸರ್ವೇಯರ್ ರೋಹ್ತಕ್‌ನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದರು. ಒಂದು ಮಧ್ಯಾಹ್ನ ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಮೊಬೈಲಿನ ಸ್ಪೀಕರ್ ಹಾಕಿಸಿ ಮಾತಾಡಿದರು. ಮಾತೆಲ್ಲ ಹಿಂದಿಯಲ್ಲಿ ನಡೆಯಿತು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆತನಿಗೆ ಇವರ ನೆನಪಿರಲಿಲ್ಲ. ಮೆಮೋದ ನೆನಪು ಚೆನ್ನಾಗಿತ್ತು.

"ಅದು ಬಂದದ್ದೇ ಒಳ್ಳೇದಾಯ್ತು ಮೇಡಂ. ಆ ಡೇರೆ ಬಾಳು ನನಗೆ ಆಗಿಬರ್ತಿರಲಿಲ್ಲ. ಅಂಗಡಿ ಹಾಕಿದೆ, ಮಕ್ಕಳು ಓದಿದರು. ಏನು ಕಮ್ಮಿ?"

"ನಾನೇ ಆ ಗುರುತು ಕೆರೆದು ತೆಗೆದದ್ದು. ಈ ಮಳೆಗಾಲದಲ್ಲಿ ಹೋಗಿ ನೋಡಿ ಬಂದೆ. ಜಲಪಾತ ಇದೆ" ಎಂದರು ಇವರು. "ನೀವು ಬರೆದದ್ದು ಸುಳ್ಳಲ್ಲ. ಅದನ್ನು ಹೇಳಬೇಕಿತ್ತು."

ಆ ಕಡೆ ಆತ ಯಾರೋ ಗಿರಾಕಿಯನ್ನು ಆಮೇಲೆ ಬಾ ಎಂದು ಕಳಿಸಿದ್ದು ಕೇಳಿಸಿತು.

"ಮೇಡಂ, ನಿಮಗೆ ನಿಜ ಹೇಳಿಬಿಡ್ತೀನಿ. ನಾನು ಆ ಗುಡ್ಡ ಹತ್ತೇ ಇಲ್ಲ. ಜ್ವರ ಬಂದು ಡೇರೇಲಿ ಮಲಗಿದ್ದೆ. ಹಾಲು ತಂದುಕೊಡ್ತಿದ್ದ ಒಬ್ಬ ಮುದುಕಿ ಮೇಲೆ ನೀರು ಬೀಳುತ್ತೆ ಅಂದಳು. ಅವಳ ಮಾತು ನಂಬಿ ಗೀಟು ಹಾಕಿದೆ. ಸಾಹೇಬರು ಬೈದದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ನಾನು ಬಾಯಿ ತೆರೀಲಿಲ್ಲ."

ಮೇಡಂ ಫೋನನ್ನೇ ದಿಟ್ಟಿಸಿದರು. ಅವರು ಸಿಟ್ಟಾಗುತ್ತಾರೆಂದು ನಾನು ಕಾದೆ. ನೋಡದ್ದನ್ನು ಹೇಳಿದವರನ್ನು ಅವರು ಎಂದೂ ಸುಮ್ಮನೆ ಬಿಟ್ಟವರಲ್ಲ.

ಆತನೇ ಮತ್ತೆ ಮಾತಾಡಿದರು. ಈ ಸಲ ದನಿ ಸಣ್ಣದಾಗಿತ್ತು. "ನಿಜಕ್ಕೂ ಇದೆಯಾ? ಹೇಗಿದೆ ಅದು?"

ಅವರು ಹೇಳತೊಡಗಿದರು. ತೊರೆ ಎಲ್ಲಿ ತಿರುಗುತ್ತದೆ, ನೀರು ಯಾವ ಬಣ್ಣ, ಎತ್ತರ ಎಷ್ಟು, ಕೆಳಗೆ ನಿಂತರೆ ಕಿವಿ ತುಂಬುವ ಸದ್ದು, ಕೈಯೊಡ್ಡಿದರೆ ಮರಳಿನ ಕಣಗಳು ಚುಚ್ಚುವುದು. ಆತ ಹೂಂ, ಹೂಂ ಎನ್ನುತ್ತಿದ್ದರು. ಅಷ್ಟು ಉದ್ದಕ್ಕೆ, ಒಂದೂ ಪ್ರಶ್ನೆ ಕೇಳದೆ ಅವರು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

"ಒಂದು ಮಾತು. ನಿಮ್ಮ ಗೀಟು ತಪ್ಪು ಜಾಗದಲ್ಲಿತ್ತು. ತಿರುವು ದಾಟಿ, ಇನ್ನೂ ಮೇಲೆ, ಬಲಕ್ಕೆ ಹಾಕಬೇಕಿತ್ತು" ಎಂದರು ಕೊನೆಗೆ.

"ಹೌದಾ?" ಆತ ನಕ್ಕರು. "ಹಾಗಾದರೆ ತಿದ್ದಿಬಿಡಿ ಮೇಡಂ."

ಅವರು ಕಟ್ಟಿಟ್ಟ ಪೆಟ್ಟಿಗೆಗಳನ್ನು ಒಮ್ಮೆ ನೋಡಿದರು.

"ಎಲ್ಲಿ ತಿದ್ದಲಿ? ಹೋದ ತಿಂಗಳು ರಿಟೈರ್ ಆಗಿಬಿಟ್ಟೆನಲ್ಲ" ಎಂದರು. ಆಮೇಲೆ ಇಬ್ಬರೂ ನಗಲು ಶುರುಮಾಡಿದರು. ಫೋನ್ ಇಡುವುದು ಯಾರಿಗೂ ನೆನಪಾಗಲಿಲ್ಲ.